ಬ್ರಾಕೆಟ್ಟಿನ ಭಾಷೆ ಮತ್ತು ಕೇಳುವ ಧೈರ್ಯ

(ಕಳೆದ ಭಾನುವಾರ ನಮ್ಮೂರಿನ ವಾಚನಾಲಯದಲ್ಲಿ ಕಾಲೇಜು ಮಕ್ಕಳೆದುರು ಆಡಿದ ಮಾತುಗಳು. ಬರಲಾಗದವರು ಕೇಳಿದ್ದರಿಂದ ಬರೆದು ಹಾಕುತ್ತಿದ್ದೇವೆ. ಓದಲು ಸುಲಭವಾಗಲಿ ಎಂದು ಕೋಡ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ಕಂಪ್ಯೂಟರಿನಲ್ಲಿ ಹಾಕುವಾಗ ಡಿಫೈನ್, ಇಫ್, ಫಸ್ಟ್, ರೆಸ್ಟ್ ಇಂಥ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನಾವಾಗಿ ಇಟ್ಟ ಹೆಸರುಗಳು ಕನ್ನಡದಲ್ಲಿದ್ದರೆ ತೊಂದರೆ ಇಲ್ಲ.)



ಮೊದಲೇ ಒಂದು ಮಾತು ಹೇಳಿಬಿಡ್ತೇವೆ. ನಾವು ಕಂಪ್ಯೂಟರ್ ಓದಿದವರಲ್ಲ. ನಾವು ಅಂದರೆ ಮೂರು ಜನ. ಒಬ್ಬ ಬ್ಯಾಂಕಿನ ಗುಮಾಸ್ತ, ಬಿ.ಕಾಂ., ಈಗ ನಿಮ್ಮೆದುರು ನಿಂತವನು. ಇನ್ನೊಬ್ಬ ಝೆರಾಕ್ಸ್ ಅಂಗಡಿ ಇಟ್ಟವ. ಮತ್ತೊಬ್ಬಳು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವವಳು. ಹತ್ತನೇ ಕ್ಲಾಸಿನವರೆಗೆ ಮೂವರದ್ದೂ ಕನ್ನಡ ಮಾಧ್ಯಮ. ಆಮೇಲೆ ಒಮ್ಮೆಲೇ ಇಂಗ್ಲಿಷ್, ಪಕ್ಕದ ಬೆಂಚಿನಲ್ಲಿ ಮಲಯಾಳ. ಆ ಎರಡು ವರ್ಷ ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂತ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಇವತ್ತಿನ ಮಾತು ಅರ್ಧ ಲಿಸ್ಪ್ ಬಗ್ಗೆ, ಇನ್ನರ್ಧ ಆ ಮುಚ್ಚಿದ ಬಾಯಿಯ ಬಗ್ಗೆ.

ಲಿಸ್ಪ್ ನಮಗೆ ಎಲ್ಲಿಂದ ಗಂಟು ಬಿತ್ತು ಅಂತ ಕೇಳ್ತೀರಿ. ಯುವಕ ಮಂಡಲದ ಲೆಕ್ಕಪತ್ರ ನಮ್ಮ ತಲೆಗೆ ಬಂದಿತ್ತು. ಬ್ಯಾಂಕಿನವ ಇದ್ದಾನಲ್ಲ, ಇವನೇ ಬರೀಲಿ ಅಂತ. ಪುಸ್ತಕದಲ್ಲಿ ಬರೆದು ಸಾಕಾಗಿ ಗ್ನುಕ್ಯಾಶ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆವು. ದುಡ್ಡು ಕೊಡಬೇಕಾಗಿಲ್ಲ, ಡೆಬಿಟ್ ಕ್ರೆಡಿಟ್ ಸರಿಯಾಗಿ ಕೂರ್ತದೆ. ಆದರೆ ವಾರ್ಷಿಕ ಸಭೆಗೆ ಜಮಾ-ಖರ್ಚಿನ ವರದಿ ನಮಗೆ ಬೇಕಾದ ಕ್ರಮದಲ್ಲಿ, ಕನ್ನಡ ತಲೆಬರಹದಲ್ಲಿ ಬೇಕಿತ್ತು. ಹುಡುಕಿದಾಗ ಗೊತ್ತಾಯಿತು, ಅದರ ವರದಿಗಳನ್ನು ಬರೆದಿರುವುದು ಸ್ಕೀಮ್ ಎಂಬ ಭಾಷೆಯಲ್ಲಿ. ಆ ಫೈಲನ್ನು ತೆರೆದು ನೋಡಿದರೆ ಬರೇ ಬ್ರಾಕೆಟ್. ಒಂದು ಸಾಲಿನ ಕೊನೆಯಲ್ಲಿ ಏಳು ಬ್ರಾಕೆಟ್ ಒಟ್ಟಿಗೆ ಮುಚ್ಚಿದ್ದವು. ಝೆರಾಕ್ಸ್ ಅಂಗಡಿಯವ, "ಇದೆಂತದು ಮಾರಾಯ, ಕೀಬೋರ್ಡ್ ಹಾಳಾಗಿತ್ತಾ ಇವರದ್ದು?" ಅಂದ.

ಸ್ಕೀಮ್ ಲಿಸ್ಪ್ ಮನೆತನದ ಒಂದು ಭಾಷೆ. ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಎಂಐಟಿಯಲ್ಲಿ, ಜಾನ್ ಮೆಕಾರ್ಥಿ ಎಂಬವರ ಕೈಯಲ್ಲಿ. 1960ರಲ್ಲಿ ಅವರು ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅವರು ಕಾಗದದ ಮೇಲೆ ಬರೆದಿದ್ದ ಒಂದು ಸೂತ್ರವನ್ನು ಅವರ ಜೊತೆಗಿದ್ದ ಸ್ಟೀವ್ ರಸೆಲ್ ಐಬಿಎಂ 704 ಯಂತ್ರದಲ್ಲಿ ನಿಜವಾಗಿಯೇ ಓಡಿಸಿ ತೋರಿಸಿದರು. ಇಂದು ಬಳಕೆಯಲ್ಲಿರುವ ಭಾಷೆಗಳಲ್ಲಿ ಇದಕ್ಕಿಂತ ಹಿರಿಯದು ಅಂದರೆ ಫೋರ್ಟ್ರಾನ್, ಅದೂ ಒಂದೇ ವರ್ಷಕ್ಕೆ ಹಿರಿಯದು. ಸ್ಕೀಮ್ ಬಂದದ್ದು 1975ರಲ್ಲಿ. 2007ರಲ್ಲಿ ಬಂದ ಕ್ಲೋಜರ್ ಈ ಮನೆಯ ಕಿರಿಯರಲ್ಲಿ ಒಂದು. ಬ್ರೆಜಿಲ್ಲಿನ ನುಬ್ಯಾಂಕ್ ತನ್ನ ವ್ಯವಸ್ಥೆ ಕಟ್ಟಿದ್ದು ಇದೇ ಕ್ಲೋಜರಿನಲ್ಲಿ. ಬ್ಯಾಂಕಿನವರಾದ ನಮಗೆ ಅದು ಕೇಳಿ ಸ್ವಲ್ಪ ಹೆಮ್ಮೆಯಾದದ್ದು ಸುಳ್ಳಲ್ಲ.

ಹಾಗಂತ ಲಿಸ್ಪ್ ಕಲಿತರೆ ನಾಳೆಯೇ ಕೆಲಸ ಸಿಗ್ತದೆ ಅಂತ ನಾವು ಹೇಳುವುದಿಲ್ಲ. ನಮ್ಮ ಕಡೆ ಕೆಲಸದ ಜಾಹೀರಾತಿನಲ್ಲಿ ಕಾಣುವುದು ಜಾವಾ, ಪೈಥಾನ್. ಮತ್ತೆ ಯಾಕೆ ಇದು? ಇದರಲ್ಲಿ ನೆನಪಿಡಬೇಕಾದ ವ್ಯಾಕರಣ ತುಂಬ ಕಡಿಮೆ. ಒಂದೇ ಒಂದು ಸಂಜೆಯಲ್ಲಿ ಮೂಲ ನಿಯಮ ಮುಗೀತದೆ. ಮೊದಲ ಭಾಷೆ ಯಾವುದಾದರೇನು, ಯೋಚಿಸುವ ರೀತಿ ಬಂದರೆ ಉಳಿದದ್ದು ಬರ್ತದೆ.

ನಿಯಮ ಇಷ್ಟೇ: ಬ್ರಾಕೆಟ್ ತೆರೆಯಿರಿ, ಮೊದಲು ಮಾಡಬೇಕಾದ ಕೆಲಸ ಹೇಳಿ, ಆಮೇಲೆ ಯಾವುದರ ಮೇಲೆ ಮಾಡಬೇಕೋ ಅದನ್ನು ಹೇಳಿ, ಬ್ರಾಕೆಟ್ ಮುಚ್ಚಿ.

(+ 2 3)

ಉತ್ತರ 5. ಕೂಡಿಸು, ಎರಡು, ಮೂರು. ಶಾಲೆಯಲ್ಲಿ ನಾವು 2 + 3 ಅಂತ ಕೆಲಸವನ್ನು ನಡುವೆ ಇಡ್ತೇವೆ. ಕನ್ನಡದಲ್ಲಿ "ಎರಡಕ್ಕೆ ಮೂರು ಕೂಡಿಸು" ಅಂತ ಕೆಲಸ ಕೊನೆಗೆ ಬರ್ತದೆ. ಮಲಯಾಳ, ತೆಲುಗು, ತಮಿಳು, ಮರಾಠಿಯಲ್ಲೂ ಕ್ರಿಯಾಪದ ಕೊನೆಗೇ. ಲಿಸ್ಪಿನಲ್ಲಿ ಅದು ಮೊದಲು. ನಮಗೆ ಇದು ಹೊಂದಿದ್ದು ಬ್ಯಾಂಕಿನ ವೋಚರ್ ನೆನಪಾದ ಮೇಲೆ. ವೋಚರಿನಲ್ಲಿ ಮೇಲ್ಗಡೆಯೇ ಡೆಬಿಟ್ಟೋ ಕ್ರೆಡಿಟ್ಟೋ ಅಂತ ಅಚ್ಚಾಗಿರ್ತದೆ, ಅಂಕಿಗಳು ಕೆಳಗೆ. ಮೊದಲು ಏನು ಮಾಡಬೇಕು, ಆಮೇಲೆ ಎಷ್ಟು. ಲಿಸ್ಪಿನ ಒಂದೊಂದು ಬ್ರಾಕೆಟ್ ಒಂದೊಂದು ವೋಚರ್ ಅಂತ ಇಟ್ಟುಕೊಳ್ಳಿ.

ಹೀಗೆ ಬರೆಯುವುದರಿಂದ ಒಂದು ಲಾಭ ಉಂಟು. ಹತ್ತು ಅಂಕಿ ಕೂಡಿಸಲು ಒಂಬತ್ತು ಕಡೆ ಪ್ಲಸ್ ಬೇಡ. (+ 120 75 300 45) ಅಂದರೆ ಸಾಕು, 540.

ವೋಚರಿನೊಳಗೆ ಇನ್ನೊಂದು ವೋಚರ್ ಇಡಬಹುದು. ಐವತ್ತು ಸಾವಿರ ಅಸಲು, ನೂರಕ್ಕೆ ಎಂಟರ ಬಡ್ಡಿ, ಎರಡು ವರ್ಷ:

(/ (* 50000 8 2) 100)

ಒಳಗಿನದ್ದು ಮೊದಲು ಲೆಕ್ಕವಾಗ್ತದೆ, 800000. ಹೊರಗಿನದ್ದು ಅದನ್ನು ನೂರರಿಂದ ಭಾಗಿಸ್ತದೆ, 8000. ಭಾಗಾಕಾರ ಮೊದಲೋ ಗುಣಾಕಾರ ಮೊದಲೋ ಅಂತ ಬಾಯಿಪಾಠ ಮಾಡಿದ ನಿಯಮ ಇಲ್ಲಿ ಬೇಕಾಗಿಲ್ಲ. ಬ್ರಾಕೆಟ್ಟೇ ಎಲ್ಲ ಹೇಳ್ತದೆ.

ಇದೇ ಲೆಕ್ಕಕ್ಕೆ ಒಂದು ಹೆಸರಿಡೋಣ.

(ಡಿಫೈನ್ (ಬಡ್ಡಿ ಅಸಲು ದರ ವರ್ಷ) (/ (* ಅಸಲು ದರ ವರ್ಷ) 100))

ಈಗ (ಬಡ್ಡಿ 50000 8 2) ಅಂದರೂ 8000. ನಾವು ಬಳಸಿದ್ದು ರಾಕೆಟ್ ಎಂಬ ಲಿಸ್ಪ್, ಸ್ಕೀಮಿನ ತಂಗಿ ಅನ್ನಿ. ಅದು ಕನ್ನಡ ಹೆಸರುಗಳನ್ನು ಹಾಗೇ ಒಪ್ಪಿಕೊಳ್ತದೆ. "ಬಡ್ಡಿ" ಅಂತ ನಾವು ಟೈಪ್ ಮಾಡಿ, ಅದು ಉತ್ತರ ಕೊಟ್ಟ ದಿನ ಬಿ.ಎಡ್. ಮುಗಿಸಿದವಳು ಖುಷಿಯಲ್ಲಿ ಮೇಜು ಕುಟ್ಟಿದ್ದಳು.

ಬ್ಯಾಂಕಿನವರಿಗೆ ಇಷ್ಟವಾಗುವ ಇನ್ನೊಂದು ಸಂಗತಿ. (+ 0.1 0.2) ಅಂತ ಕೇಳಿ ನೋಡಿ. 0.30000000000000004 ಅಂತ ಬರ್ತದೆ. ಇದು ಲಿಸ್ಪಿನ ತಪ್ಪಲ್ಲ. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ತದೆ, ಅದರಲ್ಲಿ 0.1 ಸರಿಯಾಗಿ ಕೂರುವುದಿಲ್ಲ. ಹೆಚ್ಚಿನ ಭಾಷೆಗಳಲ್ಲಿ ಇದೇ ಕತೆ. ಆದರೆ ರಾಕೆಟ್ಟಿನಲ್ಲಿ (+ 1/10 2/10) ಅಂತ ಭಿನ್ನರಾಶಿಯಲ್ಲೇ ಬರೆಯಬಹುದು, ಉತ್ತರ ಸರಿಯಾಗಿ 3/10. (/ 1 3) ಅಂದರೆ 0.333 ಅಂತ ಕತ್ತರಿಸದೆ 1/3 ಅಂತಲೇ ಇಟ್ಟುಕೊಳ್ತದೆ. ಸಂಜೆ ಹತ್ತು ಪೈಸೆ ತಾಳೆಯಾಗದೆ ಕೂತವರಿಗೆ ಇದರ ಬೆಲೆ ಗೊತ್ತು.

ಇನ್ನು ಪಟ್ಟಿ. ಲಿಸ್ಪ್ ಎಂಬ ಹೆಸರೇ "ಲಿಸ್ಟ್ ಪ್ರೊಸೆಸಿಂಗ್" ಎಂಬುದರಿಂದ ಬಂದದ್ದು. (ಲಿಸ್ಟ್ 120 75 300) ಅಂದರೆ ಮೂರು ಅಂಕಿಗಳ ಪಟ್ಟಿ. ಫಸ್ಟ್ ಅಂದರೆ ಮೊದಲನೆಯದು, ರೆಸ್ಟ್ ಅಂದರೆ ಅದನ್ನು ಬಿಟ್ಟು ಉಳಿದದ್ದು. ಹಳೇ ಪುಸ್ತಕಗಳಲ್ಲಿ ಇವಕ್ಕೆ ಕಾರ್, ಕುಡರ್ ಅಂತ ಹೆಸರು. ಆ ಐಬಿಎಂ 704 ಯಂತ್ರದ ಒಳಭಾಗಗಳ ಹೆಸರಿನ ಮೊದಲಕ್ಷರಗಳು ಅವು. ಯಂತ್ರ ಹೋಯಿತು, ಹೆಸರು ಉಳೀತು. ಈಗ ಪಟ್ಟಿಯ ಮೊತ್ತ:

(ಡಿಫೈನ್ (ಮೊತ್ತ ಪಟ್ಟಿ) (ಇಫ್ (ಎಂಪ್ಟಿ? ಪಟ್ಟಿ) 0 (+ (ಫಸ್ಟ್ ಪಟ್ಟಿ) (ಮೊತ್ತ (ರೆಸ್ಟ್ ಪಟ್ಟಿ)))))

ಹೆದರಬೇಡಿ. ಮೇಜಿನ ಮೇಲೆ ವೋಚರ್ ಕಟ್ಟು ಉಂಟು ಅಂತ ಇಟ್ಟುಕೊಳ್ಳಿ. ಕಟ್ಟು ಖಾಲಿಯಾಗಿದ್ದರೆ ಮೊತ್ತ ಸೊನ್ನೆ. ಇಲ್ಲದಿದ್ದರೆ ಮೇಲಿನ ಒಂದು ವೋಚರನ್ನು ನೀವು ಹಿಡಿದುಕೊಳ್ಳಿ, ಉಳಿದ ಕಟ್ಟನ್ನು ಪಕ್ಕದವರಿಗೆ ಕೊಟ್ಟು "ಇದರ ಮೊತ್ತ ಹೇಳಿ" ಅನ್ನಿ. ಅವರೂ ಹಾಗೇ ಮಾಡ್ತಾರೆ. ಕೊನೆಯವರ ಕೈಗೆ ಖಾಲಿ ಕಟ್ಟು ಬರ್ತದೆ, ಅವರು ಸೊನ್ನೆ ಅಂತಾರೆ, ಅಲ್ಲಿಂದ ಒಬ್ಬೊಬ್ಬರೂ ತಮ್ಮದನ್ನು ಸೇರಿಸುತ್ತಾ ಉತ್ತರ ನಿಮ್ಮ ಕೈಗೆ ವಾಪಸ್. ಸಾಲಿನ ಕೊನೆಯ ಐದು ಬ್ರಾಕೆಟ್ ಎಣಿಸುವ ಕೆಲಸವೂ ನಿಮ್ಮದಲ್ಲ. ಡಾಕ್ಟರ್‌ರಾಕೆಟ್ ಎಂಬ ಎಡಿಟರಿನಲ್ಲಿ ಕರ್ಸರನ್ನು ಬ್ರಾಕೆಟ್ ಪಕ್ಕ ಇಟ್ಟರೆ ಅದರ ಜೋಡಿ ಎಲ್ಲಿಯವರೆಗೆ ಅಂತ ಬಣ್ಣ ಹಚ್ಚಿ ತೋರಿಸ್ತದೆ.

ಹೊಸಬರು ಎಡವುವ ಜಾಗ ಒಂದು ಉಂಟು. ಗಣಿತದಲ್ಲಿ ಒಂದು ಬ್ರಾಕೆಟ್ ಜಾಸ್ತಿ ಹಾಕಿದರೆ ನಷ್ಟ ಇಲ್ಲ. ಇಲ್ಲಿ ಉಂಟು. ((+ 2 3)) ಅಂತ ಹಾಕಿದರೆ ಒಳಗಿನದ್ದು 5 ಆಗ್ತದೆ, ಹೊರಗಿನ ಬ್ರಾಕೆಟ್ "5 ಎಂಬ ಕೆಲಸ ಮಾಡು" ಅಂತ ಕೇಳ್ತದೆ. ಐದು ಒಂದು ಕೆಲಸ ಅಲ್ಲವಲ್ಲ. "ನಾಟ್ ಎ ಪ್ರೊಸೀಜರ್" ಅಂತ ಕೆಂಪಕ್ಷರದಲ್ಲಿ ಬೈಗಳು. ಆ ಬೈಗಳು ಕಂಡರೆ ಎಲ್ಲೋ ಒಂದು ಬ್ರಾಕೆಟ್ ಜಾಸ್ತಿಯಾಗಿದೆ ಅಂತಲೇ ಹೆಚ್ಚಿನ ಸಲ ಅರ್ಥ.

ಇಲ್ಲಿಯವರೆಗೆ ಸುಲಭ. ನಾವೂ ಮೂರೇ ಸಂಜೆಯಲ್ಲಿ ಇಲ್ಲಿಗೆ ಬಂದೆವು. ನಾಲ್ಕನೇ ಸಂಜೆ ಸಿಕ್ಕಿಬಿದ್ದೆವು.

ಬಡ್ಡಿದರಕ್ಕೆ ಒಂದು ಹೆಸರಿಟ್ಟಿದ್ದೆವು: (ಡಿಫೈನ್ ಬ್ಯಾಂಕ್-ದರ 8). ಕೆಳಗಿನ ಸಾಲಿನಲ್ಲಿ ಅದೇ ಬ್ಯಾಂಕ್-ದರ ಬಳಸಿದೆವು. ಕಂಪ್ಯೂಟರ್ "ಅನ್‌ಬೌಂಡ್ ಐಡೆಂಟಿಫೈಯರ್" ಅಂದಿತು. ಅಂದರೆ ಈ ಹೆಸರಿನವರು ನನಗೆ ಗೊತ್ತಿಲ್ಲ ಅಂತ. ಗೊತ್ತಿಲ್ಲ ಅಂದರೆ ಹೇಗೆ? ಮೇಲಿನ ಸಾಲಿನಲ್ಲೇ ಉಂಟಲ್ಲ! ಅಕ್ಷರ ಅಕ್ಷರ ಹೋಲಿಸಿದೆವು. ಎರಡೂ ಒಂದೇ. ಮೂರು ರಾತ್ರಿ ಹೋಯಿತು. ಝೆರಾಕ್ಸಿನವ ಅಂದ, "ಇದು ನಮ್ಮಂಥವರಿಗೆ ಅಲ್ಲ. ಬಿಡುವ."

ಆ ಮಾತು ನಿಮಗೂ ಗೊತ್ತಿರಬಹುದು. ಕ್ಲಾಸಿನಲ್ಲಿ ಅರ್ಥವಾಗದೆ, ಕೇಳಲು ಭಾಷೆ ಸಾಲದೆ, ಕೇಳಿದರೆ ನಗ್ತಾರೆ ಅಂತ ಹೆದರಿ ಕೂತಾಗ ಒಳಗಿನಿಂದ ಬರುವ ಮಾತು ಅದೇ. ನಮ್ಮೊಟ್ಟಿಗೆ ಓದಿದ ಎಷ್ಟೋ ಜನ ಅದೇ ಮಾತು ಕೇಳಿ ಓದು ಬಿಟ್ಟರು. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ, ಕೇಳಲು ಯಾರೂ ಇರಲಿಲ್ಲ ಅಷ್ಟೇ.

ನಾವು ಆನ್‌ಲೈನಿನಲ್ಲಿ ಕೇಳಿದೆವು. ಮೊದಲ ಸಲ ಕೆಟ್ಟದಾಗಿ ಕೇಳಿದೆವು. ಮೊಬೈಲಿನಲ್ಲಿ ಸ್ಕ್ರೀನಿನ ಫೋಟೋ ತೆಗೆದು, "ನಾಟ್ ವರ್ಕಿಂಗ್, ಪ್ಲೀಸ್ ಹೆಲ್ಪ್, ಅರ್ಜೆಂಟ್" ಅಂತ ಒಂದು ಕಡೆ ಹಾಕಿದೆವು. ಯಾರೂ ತಿರುಗಿ ನೋಡಲಿಲ್ಲ. ನಮ್ಮ ಇಂಗ್ಲಿಷ್ ನೋಡಿ ಬಿಟ್ಟರು ಅಂತ ಬೇಜಾರಾಯಿತು. ಆಮೇಲೆ ಬ್ಯಾಂಕಿನ ಕೌಂಟರೇ ಬುದ್ಧಿ ಹೇಳಿತು. ಒಬ್ಬರು ಬಂದು "ನನ್ನ ದುಡ್ಡು ಬರ್ಲಿಲ್ಲ" ಅಂದರೆ ನಾವು ಏನು ಮಾಡಲಿಕ್ಕಾಗ್ತದೆ? ಯಾವ ಖಾತೆ, ಯಾವ ದಿನ, ಎಷ್ಟು, ಎಲ್ಲಿಂದ ಅಂತ ಹೇಳಿದರೆ ಎರಡು ನಿಮಿಷದ ಕೆಲಸ. ನಾವು ಅಲ್ಲಿ ಖಾತೆ ನಂಬರಿಲ್ಲದ ಗಿರಾಕಿ ಆಗಿದ್ದೆವು.

ಎರಡನೇ ಸಲ ಹೀಗೆ ಬರೆದೆವು. ಯಾವ ಭಾಷೆ, ಯಾವ ಆವೃತ್ತಿ. ಇಡೀ ಪ್ರೋಗ್ರಾಂ ಬೇಡ, ತಪ್ಪು ತೋರಿಸುವ ಎರಡೇ ಸಾಲು, ಫೋಟೋ ಅಲ್ಲ, ಕಾಪಿ ಮಾಡಿದ ಅಕ್ಷರ. ಏನು ಬರಬೇಕಿತ್ತು. ಏನು ಬಂತು, ಎರರ್ ಸಂದೇಶ ಇದ್ದ ಹಾಗೆ. ನಾವು ಏನೇನು ಮಾಡಿ ನೋಡಿದೆವು. "ಐ ಎಕ್ಸ್‌ಪೆಕ್ಟೆಡ್ ದಿಸ್. ಐ ಗಾಟ್ ದಿಸ್." ಎರಡೂ ಮೂರು ಪದದ ವಾಕ್ಯ. ಇಷ್ಟಕ್ಕೆ ದೊಡ್ಡ ಇಂಗ್ಲಿಷ್ ಬೇಕಾ? ಹೆಸರು ಕನ್ನಡದಲ್ಲಿ ಉಂಟು, ಅದರರ್ಥ ಇದು ಅಂತ ಒಂದು ಸಾಲು ಸೇರಿಸಿದೆವು. ಆದರೂ ಕಳಿಸುವ ಮೊದಲು ನಾಲ್ಕು ಸಲ ಅಳಿಸಿ ಬರೆದದ್ದು ನಿಜ.

ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು. ಯಾರೋ, ಯಾವ ದೇಶದವರೋ. ಕನ್ನಡ ಓದಲು ಬರದವರು. "ಎರಡೂ ಹೆಸರಿನ ಉದ್ದ ಎಣಿಸಿ ನೋಡಿ" ಅಂತ ಬರೆದಿದ್ದರು. ಸ್ಟ್ರಿಂಗ್-ಲೆಂಗ್ತ್ ಅಂತ ಒಂದು ಕೆಲಸ ಉಂಟು, ಪದದಲ್ಲಿ ಎಷ್ಟು ಸಂಕೇತ ಅಂತ ಎಣಿಸ್ತದೆ. ಕೆಳಗಿನ ಬ್ಯಾಂಕ್-ದರಕ್ಕೆ 10 ಬಂತು. ಮೇಲಿನದಕ್ಕೆ 11.

ಆ ಹನ್ನೊಂದನೆಯದು ಕಣ್ಣಿಗೆ ಕಾಣದ ಅಕ್ಷರ. ರಾಜ್‌ಕುಮಾರ್ ಅಂತ ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ "ರಾಜ್ಕುಮಾರ್" ಆಗದಿರಲಿ ಅಂತ ನಡುವೆ ಒಂದು ತಡೆ ಹಾಕ್ತೇವಲ್ಲ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಮೇಲಿನ ಸಾಲನ್ನು ಝೆರಾಕ್ಸಿನವ ತನ್ನ ಕೀಬೋರ್ಡಿನಲ್ಲಿ ಹಾಕಿದ್ದ, ಕೈಯ ಅಭ್ಯಾಸದಿಂದ "ಬ್ಯಾಂಕ್" ಆದ ಮೇಲೆ ಆ ತಡೆಯನ್ನೂ ಒತ್ತಿದ್ದ. ಕೆಳಗಿನದ್ದನ್ನು ನಾವು ಬೇರೆ ಕೀಬೋರ್ಡಿನಲ್ಲಿ ಹಾಕಿದ್ದೆವು. ನಮ್ಮ ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಎರಡು. ತಪ್ಪು ನಮ್ಮ ಬುದ್ಧಿಯದ್ದೂ ಅಲ್ಲ, ಭಾಷೆಯದ್ದೂ ಅಲ್ಲ. ಮೂರು ರಾತ್ರಿ ನಮ್ಮನ್ನು ನಾವೇ ಬೈದುಕೊಂಡದ್ದು ಒಂದು ಕಾಣದ ಅಕ್ಷರಕ್ಕಾಗಿ. ಉತ್ತರ ಕೊಟ್ಟವರು ನಮ್ಮ ಇಂಗ್ಲಿಷ್ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹಾಗಾಗಿ ಕೇಳುವ ಕ್ರಮ ಹೇಳಿ ಮುಗಿಸ್ತೇವೆ, ಬರ್ಕೊಳ್ಳಿ.

ಮೊದಲು ಕಂಪ್ಯೂಟರನ್ನೇ ಕೇಳಿ. ಲಿಸ್ಪಿನಲ್ಲಿ ಒಂದು ಸಾಲು ಹಾಕಿದರೆ ಕೂಡಲೇ ಉತ್ತರ ಬರ್ತದೆ. ದೊಡ್ಡ ಲೆಕ್ಕ ಕೆಟ್ಟರೆ ಒಳಗಿನ ಬ್ರಾಕೆಟ್ಟನ್ನು ಮಾತ್ರ ತೆಗೆದು ಓಡಿಸಿ, ಎಲ್ಲಿ ಕೆಟ್ಟಿದೆ ಗೊತ್ತಾಗ್ತದೆ.

ಎರಡನೆಯದು, ಕೆಂಪಕ್ಷರವನ್ನು ಪೂರ್ತಿ ಓದಿ. ಇಂಗ್ಲಿಷ್ ಅಂತ ಮುಚ್ಚಬೇಡಿ. ಹತ್ತು ಹದಿನೈದು ಸಂದೇಶಗಳೇ ತಿರುಗಿ ತಿರುಗಿ ಬರುವುದು. ಅವುಗಳ ಅರ್ಥ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೂರನೆಯದು, ಕೈಪಿಡಿ. ಡಾಕ್ಟರ್‌ರಾಕೆಟ್ಟಿನಲ್ಲಿ ಒಂದು ಪದದ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿದರೆ ಅದರ ವಿವರಣೆ ತೆರೆದುಕೊಳ್ತದೆ. ಪೂರ್ತಿ ರಾಕೆಟ್ ಹಾಕಿಕೊಂಡರೆ ಕೈಪಿಡಿ ಕಂಪ್ಯೂಟರಿನಲ್ಲೇ ಇರ್ತದೆ, ರೇಂಜ್ ಸಿಗದ ಗುಡ್ಡದ ಮನೆಯಲ್ಲೂ ಓದಬಹುದು. "ಹೌ ಟು ಡಿಸೈನ್ ಪ್ರೋಗ್ರಾಮ್ಸ್" ಎಂಬ ಪುಸ್ತಕ ಜಾಲದಲ್ಲಿ ಉಚಿತವಾಗಿ ಉಂಟು, ಏನೂ ಗೊತ್ತಿಲ್ಲದವರಿಗಾಗಿಯೇ ಬರೆದದ್ದು. ಕಂಪ್ಯೂಟರ್ ಇಲ್ಲದವರು ಮೊಬೈಲ್ ಬ್ರೌಸರಿನಲ್ಲೇ ಓಡುವ ಬಿವಾಸ್ಕೀಮಿನಲ್ಲಿ ಶುರು ಮಾಡಬಹುದು. ಅಲ್ಲಿ ಫಸ್ಟ್, ರೆಸ್ಟ್ ಬದಲು ಕಾರ್, ಕುಡರ್ ಬಳಸಿ.

ನಾಲ್ಕನೆಯದು, ಹುಡುಕಿ. ಎರರ್ ಸಂದೇಶದಿಂದ ನಿಮ್ಮ ಹೆಸರುಗಳನ್ನು ತೆಗೆದು, ಉಳಿದದ್ದರ ಜೊತೆ ರಾಕೆಟ್ ಅಥವಾ ಸ್ಕೀಮ್ ಅಂತ ಸೇರಿಸಿ ಹುಡುಕಿ. ಬರೇ ಲಿಸ್ಪ್ ಅಂತ ಹಾಕಬೇಡಿ. ಈ ಮನೆಯ ಭಾಷೆಗಳು ಅಕ್ಕತಂಗಿಯರು ನಿಜ, ಆದರೆ ಒಬ್ಬಳ ಮಾತು ಇನ್ನೊಬ್ಬಳಿಗೆ ಪೂರ್ತಿ ಹೊಂದುವುದಿಲ್ಲ. ಕಾಮನ್ ಲಿಸ್ಪಿನ "ಡಿಫನ್" ರಾಕೆಟ್ಟಿನಲ್ಲಿ ನಡೆಯುವುದಿಲ್ಲ. ಈಗಿನ ಎಐ ಚಾಟ್‌ಗಳನ್ನು ಕನ್ನಡದಲ್ಲೇ ಕೇಳಬಹುದು, ನಾಚಿಕೆ ಕಳೆಯಲು ಒಳ್ಳೆಯದು. ಆದರೆ ಅವೂ ಈ ಅಕ್ಕತಂಗಿಯರನ್ನು ಕಲಸಿಬಿಡ್ತವೆ, ಇಲ್ಲದ ಹೆಸರುಗಳನ್ನು ಉಂಟು ಅಂತ ಹೇಳ್ತವೆ. ಕೊಟ್ಟ ಸಾಲನ್ನು ಓಡಿಸಿ ನೋಡದೆ ನಂಬಬೇಡಿ.

ಐದನೆಯದು, ಮನುಷ್ಯರನ್ನು ಕೇಳಿ. ಸ್ಟಾಕ್ ಓವರ್‌ಫ್ಲೋ 2008ರಿಂದ ಉಂಟು, ರಾಕೆಟ್ಟಿನವರದ್ದೇ ಚರ್ಚೆಯ ಜಾಗಗಳೂ ಉಂಟು. ಹೇಗೆ ಕೇಳಬೇಕು ಅಂತ ಆಗಲೇ ಹೇಳಿದೆವು. ಬ್ಯಾಂಕಿನವರಾಗಿ ಒಂದು ಎಚ್ಚರಿಕೆ: ನಿಜವಾದ ಖಾತೆ ನಂಬರ್, ಫೋನ್ ನಂಬರ್, ಪಾಸ್‌ವರ್ಡ್ ಪ್ರಶ್ನೆಯೊಳಗೆ ಬರಲೇಬಾರದು. ಅಂಕಿ ಬೇಕಾದರೆ ಸುಳ್ಳು ಅಂಕಿ ಹಾಕಿ. ಉತ್ತರ ಸಿಕ್ಕಿದ ಮೇಲೆ "ಸರಿಯಾಯಿತು, ಕಾರಣ ಇದಾಗಿತ್ತು" ಅಂತ ಅಲ್ಲೇ ಬರೆಯಿರಿ. ನಾಳೆ ಅದೇ ಗುಂಡಿಗೆ ಬೀಳುವ ಇನ್ನೊಬ್ಬ ಹುಡುಗನಿಗೆ ಅದೇ ದಾರಿ.

ನಮ್ಮ ಜಮಾ-ಖರ್ಚಿನ ವರದಿ ಏನಾಯಿತು ಅಂತ ಕೇಳ್ತೀರಿ. ಸಭೆಗೆ ಸಿದ್ಧವಾಯಿತು, ಕನ್ನಡದಲ್ಲೇ. ಝೆರಾಕ್ಸಿನವ ಈಗ ಇನ್ನೊಂದು ಆಟ ಕಲಿತಿದ್ದಾನೆ. ಲಿಸ್ಪಿನಲ್ಲಿ ಭಾಷೆಯ ಒಳಗಿನ ಪದಗಳನ್ನೇ ನಾವು ಹೊಸದಾಗಿ ಮಾಡಬಹುದು, ಮ್ಯಾಕ್ರೋ ಅಂತಾರೆ. ಒಂದೇ ಸಾಲು ಬರೆದು ಇಫ್ ಎಂಬುದಕ್ಕೆ "ಆದರೆ" ಅಂತ ಹೆಸರು ಕೊಟ್ಟಿದ್ದಾನೆ. ಈಗ ಅವನ ಪ್ರೋಗ್ರಾಂ ಅರ್ಧ ಕನ್ನಡ. ಹೊರಗೆ ಸಹಾಯ ಕೇಳುವಾಗ ಮಾತ್ರ ಅದನ್ನು ಇಫ್ ಅಂತ ತಿರುಗಿಸಿ ಬರೀಬೇಕು, ಇಲ್ಲದಿದ್ದರೆ ಯಾರಿಗೂ ಗೊತ್ತಾಗುದಿಲ್ಲ.

"ಇದು ನಮ್ಮಂಥವರಿಗೆ ಅಲ್ಲ" ಅಂದವನು ಅವನೇ.

ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಇಲ್ಲೇ ಕೂರ್ತೇವೆ. ಲ್ಯಾಪ್‌ಟಾಪ್ ಒಂದೇ ಇರುವುದು, ಸರದಿಯಲ್ಲಿ ನೋಡುವ. ದೂರದವರು, ಅಕ್ಕಲಕೋಟೆಯವರಿರಲಿ, ರಾಯದುರ್ಗದವರಿರಲಿ, ತಾಳವಾಡಿಯವರಿರಲಿ, ಮೇಲಿನ ಬಡ್ಡಿಯ ಸಾಲನ್ನು ನಿಮ್ಮೂರಿನಲ್ಲಿ ಓಡಿಸಿ ನೋಡಿ. ಎರರ್ ಬಂದರೆ ಇದ್ದ ಹಾಗೆ ಕಾಪಿ ಮಾಡಿ ಕೆಳಗೆ ಹಾಕಿ, ಕನ್ನಡದಲ್ಲೇ ಕೇಳಿ. ನಮಗೆ ಗೊತ್ತಿದ್ದರೆ ಹೇಳ್ತೇವೆ. ಗೊತ್ತಿಲ್ಲದಿದ್ದರೆ ಹೇಗೆ ಕೇಳಬೇಕು ಅಂತ ಒಟ್ಟಿಗೆ ಕೂತು ಬರೆಯುವ.